ಎನ್‌ಇಪಿ ಕೊನೇ ಬ್ಯಾಚು: ಸ್ವಯಂ ಕೋರ್ಸು, ಎಬಿಸಿ ಐಡಿ, ಆಲೆಮನೆಯ ಇಂಟರ್ನ್‌ಶಿಪ್ಪು

ನನ್ನ ಬಿ.ಕಾಂ. ಮುಗಿಯಿತು. ಕೊನೆಯ ವೈವಾ (ಮೌಖಿಕ ಪರೀಕ್ಷೆ) ಆಗಿ, ಪಾಸಾದ ಪತ್ರಿಕೆಗಳಿಗೆ ಅವುಗಳ ತೂಕದಂತೆ ಸಿಗುವ ಕ್ರೆಡಿಟ್‌ಗಳೆಲ್ಲ ಲೆಕ್ಕಕ್ಕೆ ಸೇರಿದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ. ಆನ್‌ಲೈನ್ ಕೋರ್ಸಿನ ಕ್ರೆಡಿಟ್ಟನ್ನು ಡಿಗ್ರಿಗೆ ಸೇರಿಸಿಕೊಳ್ಳುವುದು ಹೇಗೆ, ಆಧಾರ್‌ನಲ್ಲಿ ಹೆಸರು ಹೊಂದದಿದ್ದರೆ ಏನು ಗತಿ, ಇಂಟರ್ನ್‌ಶಿಪ್ಪಿಗೆ ಯಾರನ್ನು ಕೇಳಬೇಕು ಎಂದೆಲ್ಲ ನಮ್ಮೂರಿನ ಹುಡುಗಿಯರು ಫೋನ್ ಮಾಡುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಆದದ್ದನ್ನೆಲ್ಲ ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಕಬ್ಬು, ಭತ್ತ ಬೆಳೆಯುತ್ತಾರೆ. ನಾನು ಓದಿದ್ದು ಮೈಸೂರಿನ ಒಂದು ಕಾಲೇಜಿನಲ್ಲಿ. ದಿನಾ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಬರುತ್ತಿದ್ದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ನಾನು ಡಿಗ್ರಿಗೆ ಸೇರಿದ್ದೂ ಅದೇ ವರ್ಷ. ಬಸ್ಸಿಗೆ ದುಡ್ಡು ಕೊಡುವಂತಿದ್ದಿದ್ದರೆ ಮುಂದೆ ನಾನು ಹೇಳುವ ಅಲೆದಾಟದಲ್ಲಿ ಅರ್ಧಕ್ಕೇ ಕೈ ಬಿಡುತ್ತಿದ್ದೆನೇನೋ.

ಸೇರಿದಾಗ ನಮಗಿದ್ದದ್ದು ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂದರೆ ಎನ್‌ಇಪಿಯ ಪಠ್ಯ. ಕೇಂದ್ರ ಸಂಪುಟ ಆ ನೀತಿಗೆ ಒಪ್ಪಿಗೆ ಕೊಟ್ಟಿದ್ದು 2020ರ ಜುಲೈ 29ರಂದು. ಅದನ್ನು ಡಿಗ್ರಿ ಕಾಲೇಜುಗಳಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದದ್ದು ನಮ್ಮ ರಾಜ್ಯ, 2021-22ರಲ್ಲಿ. ಬಿ.ಕಾಂ. ಅಂದರೆ ಅಕೌಂಟ್ಸು, ಲಾ, ಎಕನಾಮಿಕ್ಸು ಎಂದುಕೊಂಡು ಹೋದವಳಿಗೆ ವೇಳಾಪಟ್ಟಿಯಲ್ಲಿ ಡಿಜಿಟಲ್ ಫ್ಲೂಯೆನ್ಸಿ, ಕೃತಕ ಬುದ್ಧಿಮತ್ತೆ, ಯೋಗ, ಓಪನ್ ಎಲೆಕ್ಟಿವ್ ಎಂಬ ಹೆಸರುಗಳು ಕಂಡವು. ಓಪನ್ ಎಲೆಕ್ಟಿವ್ ಅಂದರೆ ನಮ್ಮ ವಿಭಾಗದ್ದಲ್ಲದ ಬೇರೆ ಯಾವುದಾದರೂ ವಿಷಯವನ್ನು ಆರಿಸಿಕೊಂಡು ಓದುವುದು. ಈ ಯೋಚನೆ ನನಗೆ ಆಗಲೂ ಹಿಡಿಸಿತ್ತು, ಈಗಲೂ ಹಿಡಿಸುತ್ತದೆ. ಕೃತಕ ಬುದ್ಧಿಮತ್ತೆಯ ಪತ್ರಿಕೆಯನ್ನು ಮಾತ್ರ ನಾವು ಕಲಿತದ್ದು ಕಪ್ಪು ಹಲಗೆಯ ಮುಂದೆ, ನೋಟ್ಸ್ ಬರೆದುಕೊಂಡು. ಲ್ಯಾಬ್‌ನಲ್ಲಿದ್ದ ಕಂಪ್ಯೂಟರುಗಳು ತರಗತಿಗೆಲ್ಲ ಸಾಲುತ್ತಿರಲಿಲ್ಲ. ಪಾಠ ಮಾಡಿದ ಮೇಡಂ ತಾವೇ ರಾತ್ರಿ ಕೂತು ಓದಿಕೊಂಡು ಬಂದು ನಮಗೆ ಹೇಳಿಕೊಡುತ್ತಿದ್ದರು. ಅವರ ಶ್ರಮದಲ್ಲಿ ಕೊರತೆ ಇರಲಿಲ್ಲ. ವಿಷಯ ಹೊಸದು ಬಂದಷ್ಟು ಬೇಗ ಸಲಕರಣೆ ಬರಲಿಲ್ಲ, ಅಷ್ಟೇ.

ಮೊದಲ ವರ್ಷ ಮುಗಿಯುವಷ್ಟರಲ್ಲಿ, 2024ರ ಮೇನಲ್ಲಿ, ಸರ್ಕಾರದ ಆದೇಶ ಬಂತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ, 2024-25ರಿಂದ ಸೇರುವವರಿಗೆ ಮತ್ತೆ ಮೊದಲಿನಂತೆ, ನಾಲ್ಕನೇ ವರ್ಷದ ಆಯ್ಕೆ ಇಲ್ಲದ ಮೂರು ವರ್ಷದ ಡಿಗ್ರಿ, ಬೇರೆ ಪಠ್ಯ. ಆಗಲೇ ಸೇರಿದ್ದವರು ಸೇರಿದ ಪಠ್ಯದಲ್ಲೇ ಮುಂದುವರಿಯಬೇಕು. ಹಾಗಾಗಿ ನಮ್ಮದೇ ಎನ್‌ಇಪಿಯ ಕೊನೆಯ ಬ್ಯಾಚಾಯಿತು. ಮನೆಯಲ್ಲಿ ಅಪ್ಪನಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟವಾಯಿತು. “ನಿಮ್ ಡಿಗ್ರಿ ನಡೀತದೋ ಇಲ್ವೋ ಅಷ್ಟ್ ಹೇಳವ್ವ” ಅಂದರು. ನಡೆಯುತ್ತದೆ ಅಂದೆ. ಆದರೆ ಪಕ್ಕದ ಕ್ಲಾಸಿನ ಜೂನಿಯರ್‌ಗಳ ಪಠ್ಯವೇ ಬೇರೆ, ನಮ್ಮದೇ ಬೇರೆ ಆದಾಗ, ನಮ್ಮದು ಯಾರಿಗೂ ಬೇಡವಾಯಿತೇನೋ ಎಂಬ ಅಳುಕು ಒಳಗೆ ಇದ್ದೇ ಇತ್ತು.

ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ನಾಲ್ಕನೇ ಸೆಮಿಸ್ಟರಿನ ಓಪನ್ ಎಲೆಕ್ಟಿವ್ ಬದಲು ‘ಸ್ವಯಂ’ ತಾಣದ ಕೋರ್ಸು ಮಾಡಬಹುದು ಎಂದಿತ್ತು. ಸ್ವಯಂ ಕೇಂದ್ರ ಸರ್ಕಾರದ್ದು, 2017ರಲ್ಲಿ ಶುರುವಾದದ್ದು. ಐಐಟಿಗಳ, ಐಐಎಸ್‌ಸಿಯ ಪಾಠಗಳು ಅದರಲ್ಲಿ ಎನ್‌ಪಿಟೆಲ್ ಎಂಬ ಹೆಸರಿನಲ್ಲಿ ಸಿಗುತ್ತವೆ. ಒಂದು ಸೆಮಿಸ್ಟರಿನ ಪತ್ರಿಕೆಗಳಲ್ಲಿ ಶೇ. 40ರವರೆಗೂ ಇಲ್ಲಿಂದ ಮಾಡಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ನಿಯಮದಲ್ಲೇ ಅವಕಾಶ ಕೊಟ್ಟಿದೆ, ಮೊದಲು ಅದು ಶೇ. 20 ಇತ್ತು. 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರದ್ದಕ್ಕೆ 2, 4 ವಾರದ್ದಕ್ಕೆ 1. ನಮ್ಮ ಓಪನ್ ಎಲೆಕ್ಟಿವ್ 3 ಕ್ರೆಡಿಟ್ಟಿನದು, ಆದ್ದರಿಂದ 12 ವಾರದ್ದೇ ಬೇಕು. 8 ವಾರದ್ದು ತೆಗೆದುಕೊಂಡರೆ 1 ಕ್ರೆಡಿಟ್ ಕೊರತೆ ಬೀಳುತ್ತದೆ, ಇದನ್ನು ಮೊದಲೇ ನೋಡಿಕೊಳ್ಳಿ.

ನಾನು ಆರಿಸಿದ್ದು ದತ್ತಾಂಶ ವಿಶ್ಲೇಷಣೆಯ ಕೋರ್ಸು. ಕಾರಣ ಇಷ್ಟೇ: ಹಿಂದಿನ ವರ್ಷ ಮುಗಿಸಿದ ಅಕ್ಕಂದಿರು ಇಂಟರ್‌ವ್ಯೂಗೆ ಹೋಗಿ ಬಂದು, “ಟ್ಯಾಲಿ ಬರುತ್ತೆ ಅಂದ್ರೆ ಸಾಲ್ದು ಕಣೆ, ಎಕ್ಸೆಲ್ ಆದ್ಮೇಲೆ ಏನ್ ಬರುತ್ತೆ ಅಂತ ಕೇಳ್ತಾರೆ” ಅಂದಿದ್ದರು.

ಇಲ್ಲಿಂದ ಕಚೇರಿಗಳ ಕಥೆ. ನೋಟಿಸು ಹಾಕಿದವರು ಒಬ್ಬರು, ಅನುಮತಿ ಕೊಡುವವರು ಇನ್ನೊಬ್ಬರು, ಅಂಕ ಸೇರಿಸುವವರು ಮತ್ತೊಬ್ಬರು. ಕಚೇರಿಯಲ್ಲಿ ಕೇಳಿದರೆ “ಇದು ನಮ್ ಸೆಕ್ಷನ್ ಅಲ್ಲಮ್ಮ, ಡಿಪಾರ್ಟ್‌ಮೆಂಟಲ್ಲಿ ಕೇಳಿ” ಅನ್ನುವರು. ಡಿಪಾರ್ಟ್‌ಮೆಂಟಿನಲ್ಲಿ “ಪ್ರಿನ್ಸಿಪಾಲ್ ಸಹಿ ಆಗ್ಲಿ, ಆಮೇಲೆ ನೋಡೋಣ” ಅನ್ನುವರು. ಯಾರೂ ಕೆಟ್ಟವರಲ್ಲ, ಗದರಲೂ ಇಲ್ಲ. ಇಡೀ ದಾರಿ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಆಗ ದಾರಿ ತೋರಿಸಿದವರು ಕಾಲೇಜಿನ ಎನ್‌ಪಿಟೆಲ್ ಘಟಕದ, ಅಂದರೆ ಲೋಕಲ್ ಚಾಪ್ಟರಿನ ಜವಾಬ್ದಾರಿ ಹೊತ್ತಿದ್ದ ಸರ್. ಇಂಥ ಲೋಕಲ್ ಚಾಪ್ಟರ್ ಇರುವ ಕಾಲೇಜಿನಲ್ಲಿ ಅದಕ್ಕೊಬ್ಬರು ಮೇಷ್ಟ್ರು ಇದ್ದೇ ಇರುತ್ತಾರೆ. ಮೊದಲ ದಿನವೇ ಅವರನ್ನು ಹುಡುಕಿ.

ಅವರು ಹೇಳಿಕೊಟ್ಟ ಹಾಗೆ ಒಂದು ಅರ್ಜಿ ಬರೆದೆ. ಯಾವ ಪತ್ರಿಕೆಯ ಬದಲು, ಅದರ ಕೋಡ್ ಏನು, ಯಾವ ಕೋರ್ಸು, ಎಷ್ಟು ವಾರ, ಎಷ್ಟು ಕ್ರೆಡಿಟ್ಟು ಎಂಬುದನ್ನೆಲ್ಲ ಅದರಲ್ಲೇ ಸೇರಿಸಿ, ಕೋರ್ಸಿನ ಪಠ್ಯವಿವರ ಪ್ರಿಂಟ್ ತೆಗೆದು ಲಗತ್ತಿಸಿದೆ. ವಿಭಾಗದ ಮುಖ್ಯಸ್ಥರ ಸಹಿ, ಪ್ರಿನ್ಸಿಪಾಲರ ಸಹಿ, ಸೀಲು, ಕಚೇರಿಯ ಸ್ವೀಕೃತಿ ಸಂಖ್ಯೆ. ಒಂದು ಪ್ರತಿಯನ್ನು ನನ್ನ ಹತ್ತಿರ ಇಟ್ಟುಕೊಂಡೆ. ದಯವಿಟ್ಟು ಗಮನಿಸಿ: ಬಾಯಿಮಾತಿನ ಅನುಮತಿ ನಂಬಿ ಕೋರ್ಸು ಶುರು ಮಾಡಬೇಡಿ. ಆರು ತಿಂಗಳ ನಂತರ ನನ್ನನ್ನು ಕಾಪಾಡಿದ್ದು ಆ ಸ್ವೀಕೃತಿ ಸಂಖ್ಯೆ ಇದ್ದ ಜೆರಾಕ್ಸ್ ಪ್ರತಿಯೇ.

ಇದರ ಜೊತೆಗೇ ಎಬಿಸಿ ಐಡಿ ಮಾಡಿಸಬೇಕಿತ್ತು. ಎಬಿಸಿ ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2021ರಲ್ಲಿ ಬಂದದ್ದು. ನಾವು ಎಲ್ಲೇ ಓದಿ ಗಳಿಸಿದ ಕ್ರೆಡಿಟ್ಟೂ ಒಂದು ಖಾತೆಗೆ ಜಮೆಯಾಗುತ್ತದೆ, ಸಾಮಾನ್ಯವಾಗಿ ಏಳು ವರ್ಷದವರೆಗೆ ಬಳಸಬಹುದು. 12 ಅಂಕಿಯ ಸಂಖ್ಯೆ. ಈಗ ಅಪಾರ್ ಐಡಿ ಎಂದು ಕರೆಯುವುದೂ ಇದೇ ವ್ಯವಸ್ಥೆಯನ್ನು. ಡಿಜಿಲಾಕರ್‌ಗೆ ಹೋಗಿ, ಆಧಾರ್ ಒಟಿಪಿ ಕೊಟ್ಟು, ವಿಶ್ವವಿದ್ಯಾಲಯ ಆರಿಸಿದರೆ ಮುಗಿಯಿತು ಎಂದು ನೋಟಿಸಿನಲ್ಲಿ ಬರೆದಿತ್ತು. ಮುಗಿಯಲಿಲ್ಲ.

ಮೊದಲನೆಯದಾಗಿ, ನನ್ನ ಆಧಾರ್‌ಗೆ ಜೋಡಿಸಿದ್ದು ಅಪ್ಪನ ನಂಬರು. ನಾನು ಮೈಸೂರಿನ ಕಂಪ್ಯೂಟರ್ ಮುಂದೆ, ಒಟಿಪಿ ಗದ್ದೆ ಬದುವಿನ ಮೇಲಿದ್ದ ಅಪ್ಪನ ಜೇಬಿನಲ್ಲಿ. ಅಪ್ಪ ಕನ್ನಡಕ ಹುಡುಕಿ, ಮೆಸೇಜು ಹುಡುಕಿ, ನಂಬರು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಎರಡನೆಯದು ಇದಕ್ಕಿಂತ ದೊಡ್ಡದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್ ಇವೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಜೊತೆಗೆ ಇಂಗ್ಲಿಷ್ ಹೆಸರಿನ ನಡುವೆ ಒಂದು ‘ಎಚ್’ ಹೆಚ್ಚಿಗೆ ಸೇರಿಕೊಂಡಿದೆ. ನಾನು ಚಿಕ್ಕವಳಿದ್ದಾಗ ಊರಿನ ಶಾಲೆಯಲ್ಲಿ ಕ್ಯಾಂಪ್ ಹಾಕಿದವರು ಕೇಳಿಸಿದ ಹಾಗೆ ಟೈಪ್ ಮಾಡಿಕೊಂಡು ಹೋಗಿದ್ದರು. ನಮ್ಮ ಕಡೆ ಮನೆ ಮನೆಯಲ್ಲೂ ಇದೇ ತಾಪತ್ರಯ: ಊರ ಹೆಸರು, ಅಪ್ಪನ ಹೆಸರು ಸೇರಿ ಇನಿಷಿಯಲ್ ಆಗುತ್ತವೆ, ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದದ್ದು. ಎರಡು ಕಡೆಯ ಹೆಸರು ಹೊಂದದಿದ್ದರೆ ಕ್ರೆಡಿಟ್ ಜಮೆಯಾಗುವುದಿಲ್ಲ.

ಆಧಾರ್‌ನಲ್ಲಿ ಹೆಸರು ತಿದ್ದಿಸಲು ಬೇಕಾದ ಪುರಾವೆಗಳಲ್ಲಿ ಗೆಜೆಟೆಡ್ ಅಧಿಕಾರಿ ಸಹಿ ಹಾಕಿಕೊಡುವ ನಮೂನೆಯೂ ಒಂದು. ಫೋಟೊ ಅಂಟಿಸಿ, ಅದರ ಮೇಲೆ ಅರ್ಧ ಬೀಳುವಂತೆ ಸಹಿ, ಸೀಲು. ಸಹಿ ಬಿದ್ದ ದಿನದಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ. ಗೆಜೆಟೆಡ್ ಅಧಿಕಾರಿ ಅಂದ ಕೂಡಲೇ ಎಲ್ಲರೂ ತಾಲ್ಲೂಕು ಕಚೇರಿಗೆ ಓಡುತ್ತಾರೆ. ನನಗೆ ಪಕ್ಕದ ಮನೆಯ ಚಿಕ್ಕಪ್ಪ ಹೋಬಳಿಯ ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳು ಅಂದರು. ಹೋದಾಗ ಅವರು ಕೆಚ್ಚಲು ಬಾವು ಬಂದಿದ್ದ ಒಂದು ಹಸುವಿಗೆ ಇಂಜೆಕ್ಷನ್ ಕೊಡುತ್ತಿದ್ದರು. ಕೈ ತೊಳೆದು ಒರೆಸಿಕೊಂಡು, ಅಂಕಪಟ್ಟಿಯ ಮೂಲಪ್ರತಿ ಕೇಳಿ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದರು. “ಇನಿಷಿಯಲ್ ಮಧ್ಯೆ ಜಾಗ ಬಿಡಬೇಕಾ, ಚುಕ್ಕಿ ಇಡಬೇಕಾ, ಅದನ್ನೂ ಇದರಲ್ಲಿರೋ ಹಾಗೇ ಬರೀಮ್ಮ. ಇನ್ನೊಂದ್ಸಲ ಬರೋ ಹಾಗಾಗ್ಬಾರದು ನೀನು” ಎಂದು ಹೇಳಿ ಸಹಿ ಹಾಕಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಈ ಇಡೀ ಪ್ರಕರಣದಲ್ಲಿ ನನ್ನ ಕಾಗದವನ್ನು ಪೂರ್ತಿ ಓದಿದ ಮೊದಲ ಅಧಿಕಾರಿ ಅವರು.

ಆಧಾರ್ ಕೇಂದ್ರದಲ್ಲಿ ನಾನು ಕಟ್ಟಿದ್ದು ₹50. 2025ರ ಅಕ್ಟೋಬರ್ 1ರಿಂದ ಅದು ₹75 ಆಗಿದೆ. ಅದೇ ಸಲವೇ ಫೋನ್ ನಂಬರನ್ನೂ ನನ್ನದಕ್ಕೆ ಬದಲಿಸಿಕೊಂಡೆ, ಬೇರೆ ಬೇರೆ ದಿನ ಹೋದರೆ ಬೇರೆ ಬೇರೆ ಶುಲ್ಕ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಸಲ ಅವಕಾಶ, ಜನ್ಮದಿನಾಂಕ ಒಂದೇ ಸಲ. ಆದ್ದರಿಂದ ಆಪರೇಟರ್ ಸಬ್ಮಿಟ್ ಒತ್ತುವ ಮೊದಲು ಪರದೆ ತೋರಿಸಿ ಎಂದು ಧೈರ್ಯವಾಗಿ ಕೇಳಿ. ನಾನು ಕೇಳಿದೆ, ಅವರು ತೋರಿಸಿದರು. ಒಂದು ಅಕ್ಷರ ತಪ್ಪಿತ್ತು, ಅಲ್ಲೇ ಸರಿಮಾಡಿದರು. ಎಬಿಸಿ ಐಡಿ ಆದದ್ದು ಇಷ್ಟೆಲ್ಲ ಮುಗಿದ ಮೇಲೆ.

ಇಷ್ಟರಲ್ಲಿ ಕೋರ್ಸು ಶುರುವಾಗಿತ್ತು. ಎನ್‌ಪಿಟೆಲ್‌ನ ಸೆಮಿಸ್ಟರುಗಳು ಜನವರಿಗೆ ಒಂದು, ಜುಲೈಗೆ ಒಂದು ಶುರುವಾಗುತ್ತವೆ. ನೋಂದಣಿ, ಪಾಠ ಎಲ್ಲ ಪುಕ್ಕಟೆ. ವಾರಕ್ಕೊಂದಿಷ್ಟು ವಿಡಿಯೊ, ವಾರಕ್ಕೊಂದು ಅಸೈನ್‌ಮೆಂಟು. ಅಸೈನ್‌ಮೆಂಟಿಗೆ ಗಡುವು ಇರುತ್ತದೆ, ದಾಟಿದರೆ ದಾಟಿತು, ಯಾರನ್ನು ಬೇಡಿಕೊಂಡರೂ ತೆರೆಯುವುದಿಲ್ಲ. 12ರಲ್ಲಿ ಒಳ್ಳೆಯ ಅಂಕ ಬಂದ 8ನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅದಕ್ಕೆ 25 ಅಂಕ. ಕೊನೆಯ ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು, ಎರಡೂ ಬೇರೆ ಬೇರೆಯಾಗಿ.

ಮೊದಲ ವಾರಗಳಲ್ಲಿ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗಿತ್ತು. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಐಐಟಿ ಪ್ರಾಧ್ಯಾಪಕರ ಇಂಗ್ಲಿಷು ಅರ್ಥವಾಗುವ ಹೊತ್ತಿಗೆ ಗಣಿತ ಮುಂದೆ ಓಡಿರುತ್ತಿತ್ತು. ವಿಡಿಯೊದ ವೇಗ ಕಡಿಮೆ ಮಾಡಿ, ಕೆಳಗೆ ಬರುವ ಅಕ್ಷರ ಓದಿಕೊಂಡು, ಒಂದೇ ಪಾಠವನ್ನು ಮತ್ತೆ ಮತ್ತೆ ನೋಡಿದೆ. ಎನ್‌ಪಿಟೆಲ್ ಕೆಲವು ಕೋರ್ಸುಗಳ ಪಾಠವನ್ನು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಅನುವಾದಿಸಿ ಹಾಕಿದೆ. ಕೋರ್ಸು ಆರಿಸುವಾಗಲೇ ಇದನ್ನು ಹುಡುಕಿ ನೋಡಿ, ಕನ್ನಡ ಮಾಧ್ಯಮದವರಿಗೆ ಇದು ದೊಡ್ಡ ಆಸರೆ. ರೈಲಿನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ ಎಂದು ಬೆಳಿಗ್ಗೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡುತ್ತಿದ್ದೆ. ರಾತ್ರಿ ಅಮ್ಮನ ಆಕ್ಷೇಪ: “ಅಲ್ಲ ಕಣೆ, ಮೊಬೈಲ್ ಹಿಡ್ಕಂಡ್ ಕೂತ್ಕಂಡ್ರೆ ಓದ್ದಂಗಾಯ್ತದಾ?” ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಡೈರಿಗೆ ಹಾಕಿದ ಹಾಲಿನ ಪುಸ್ತಕದ ಲೆಕ್ಕವನ್ನೇ ಹಾಳೆಗೆ ಹಾಕಿ, ಯಾವ ತಿಂಗಳು ಹಾಲು ಇಳಿಯಿತು ಎಂದು ಗೆರೆ ಎಳೆದು ತೋರಿಸಿದೆ. ಅಮ್ಮ ಒಂದು ಕ್ಷಣ ನೋಡಿ, “ಅದು ಗೌರಿ ಕರ ಹಾಕೋಕೆ ಮುಂಚೆ” ಅಂದರು. ಆಮೇಲೆ ಆಕ್ಷೇಪ ಬರಲಿಲ್ಲ.

ಪರೀಕ್ಷೆ ಬರೆಯಲು ಬೇರೆ ನೋಂದಣಿ, ₹1,000 ಶುಲ್ಕ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಪ್ರಮಾಣಪತ್ರ ಹಾಕಿದರೆ ಅರ್ಧ ಶುಲ್ಕ. ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯಿಂದ ನನಗೆ ಬಂದಿದ್ದ ₹5,500ರಲ್ಲಿ ಇದನ್ನು ಕಟ್ಟಿದೆ. ಇಲ್ಲಿ ಟೈಪ್ ಮಾಡಿದ ಹೆಸರೇ ಸರ್ಟಿಫಿಕೇಟಿನಲ್ಲಿ ಬರುತ್ತದೆ, ಆದ್ದರಿಂದ ಅಂಕಪಟ್ಟಿ ಎದುರಿಗಿಟ್ಟುಕೊಂಡೇ ತುಂಬಿ. ಪರೀಕ್ಷೆ ಕಂಪ್ಯೂಟರಿನಲ್ಲಿ, ಮೂರು ಗಂಟೆ. ನನ್ನದು ಮಧ್ಯಾಹ್ನದ ಪಾಳಿ, 2ರಿಂದ 5. ಕೇಂದ್ರ ಇದ್ದದ್ದು ಊರಾಚೆ. ಸಿಟಿ ಬಸ್ ಇಳಿದು ಬಿಸಿಲಲ್ಲಿ ನಡೆದು ಹೋಗುವಷ್ಟರಲ್ಲಿ ಬಾಯಿ ಒಣಗಿತ್ತು. ಗೇಟಿನಲ್ಲಿ ಹಾಲ್ ಟಿಕೆಟಿನ ಜೊತೆ ಮೂಲ ಗುರುತಿನ ಚೀಟಿ ಕೇಳುತ್ತಾರೆ, ಫೋನಿನಲ್ಲಿರುವ ಫೋಟೊ ತೋರಿಸಿದ ಹುಡುಗನೊಬ್ಬ ಅಲ್ಲೇ ನಿಂತುಬಿಟ್ಟಿದ್ದ. ಫಲಿತಾಂಶ ಬಂದಾಗ 60 ದಾಟಿತ್ತು, ಸರ್ಟಿಫಿಕೇಟಿನಲ್ಲಿ ‘ಎಲೀಟ್’ ಎಂದಿತ್ತು. ಆವತ್ತು ಅಪ್ಪ ಪಾಂಡವಪುರದಿಂದ ಮೈಸೂರ್‌ಪಾಕ್ ತಂದರು.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ವಿಶ್ವವಿದ್ಯಾಲಯಗಳ ಆನ್‌ಲೈನ್ ತಾಣವಾದ ಯುಯುಸಿಎಂಎಸ್‌ನಲ್ಲಿ ನಾಲ್ಕನೇ ಸೆಮಿಸ್ಟರಿನ ಫಲಿತಾಂಶ ಬಂತು. ಎಲ್ಲ ಪತ್ರಿಕೆಯೂ ಪಾಸು, ಓಪನ್ ಎಲೆಕ್ಟಿವ್ ಎದುರಿಗೆ ಮಾತ್ರ ಗೈರುಹಾಜರಿ. ಒಟ್ಟು ಫಲಿತಾಂಶ ಅನುತ್ತೀರ್ಣ. ಫೋನ್ ಕೈಯಲ್ಲಿ ಹಿಡಿದು ರೈಲಿನ ಬಾಗಿಲ ಹತ್ತಿರವೇ ಕುಸಿದು ಕೂತೆ. ಶ್ರೀರಂಗಪಟ್ಟಣ ದಾಟಿದ್ದೇ ಗೊತ್ತಾಗಲಿಲ್ಲ. ಬೇರೆ ಪತ್ರಿಕೆಯ ಬದಲು ಸ್ವಯಂ ಮಾಡಿದ್ದಾಳೆ ಎಂಬ ವಿಷಯ ಕಂಪ್ಯೂಟರಿಗೆ ಹೋಗಿಯೇ ಇರಲಿಲ್ಲ. ಪರೀಕ್ಷೆಗೆ ಬರಬೇಕಿದ್ದವಳು ಬಂದಿಲ್ಲ ಎಂದಷ್ಟೇ ಅದಕ್ಕೆ ಗೊತ್ತು.

ಇದನ್ನು ಸರಿಪಡಿಸಲು ಹಿಡಿದಷ್ಟು ಕಾಲ ಕೋರ್ಸಿಗೂ ಹಿಡಿದಿರಲಿಲ್ಲ. ಕಾಲೇಜಿನವರು ವಿಶ್ವವಿದ್ಯಾಲಯ ಮಾಡಬೇಕು ಅಂದರು, ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದವರು ಕಾಲೇಜಿನಿಂದ ಪತ್ರ ಬರಬೇಕು ಅಂದರು. ಪತ್ರ ಹೋಯಿತು, ಅದರ ಜೊತೆ ಅನುಮತಿಯ ಪ್ರತಿ ಇಲ್ಲ ಎಂದು ವಾಪಸು ಬಂತು. ಆಗ ನನ್ನ ಫೈಲಿನಲ್ಲಿದ್ದ ಆ ಜೆರಾಕ್ಸ್ ಹೊರಗೆ ಬಂತು. ಸ್ವೀಕೃತಿ ಸಂಖ್ಯೆ ನೋಡಿ ಕಚೇರಿಯ ಮೂಲ ಪ್ರತಿಯನ್ನೂ ಹುಡುಕಿ ತೆಗೆದರು. ನನ್ನ ಜೊತೆ ಇದೇ ದಾರಿಯಲ್ಲಿದ್ದ ಇನ್ನೂ ಕೆಲವರು ಒಬ್ಬೊಬ್ಬರೇ ಅಲೆಯುತ್ತಿದ್ದರು. ಎಲ್ಲರೂ ಒಟ್ಟಿಗೆ ಸೇರಿ ಒಂದೇ ಪಟ್ಟಿ ಮಾಡಿ, ಎಲ್ಲರ ರಿಜಿಸ್ಟರ್ ನಂಬರು, ಎಬಿಸಿ ಐಡಿ, ಸರ್ಟಿಫಿಕೇಟು ಲಗತ್ತಿಸಿ, ಪ್ರಿನ್ಸಿಪಾಲರ ಒಂದೇ ಪತ್ರದಲ್ಲಿ ಕಳಿಸಿದ ಮೇಲೆ ಕೆಲಸ ಮುಂದೆ ಸಾಗಿತು. ಐದನೇ ಸೆಮಿಸ್ಟರಿನ ಪಾಠ ಅರ್ಧ ಆಗಿದ್ದಾಗ ತಿದ್ದಿದ ಫಲಿತಾಂಶ ಬಂತು. ಅಲ್ಲಿವರೆಗೂ ಊರಿನಲ್ಲಿ ಯಾರಾದರೂ “ರಿಸಲ್ಟ್ ಏನಾಯ್ತವ್ವ?” ಅಂದರೆ ಗಂಟಲು ಕಟ್ಟುತ್ತಿತ್ತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಿಯಮಗಳು ಒಳ್ಳೆಯವು. ಹಳ್ಳಿಯ ಹುಡುಗಿ ಮನೆಯಲ್ಲೇ ಕೂತು ಐಐಟಿಯ ಪಾಠ ಕೇಳಿ, ಅದು ಅವಳ ಡಿಗ್ರಿಗೆ ಸೇರುವುದು ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ಊಹೆಗೂ ಸಿಗದ ಮಾತು. ಆದರೆ ಪ್ರತಿ ಕಾಲೇಜಿನಲ್ಲೂ ಈ ಕೆಲಸವನ್ನು ಮೊದಲಿಂದ ಕೊನೆವರೆಗೆ ಬಲ್ಲ ಒಬ್ಬರನ್ನು ಕೂರಿಸಬೇಕು. ಪಾಠ ಮಾಡುವ ಮೇಷ್ಟ್ರ ತಲೆ ಮೇಲೆ ಇದನ್ನೂ ಹೊರಿಸಿದರೆ ನಡೆಯುವುದಿಲ್ಲ. ಹೆದರಿ ಕೈಬಿಟ್ಟವರಲ್ಲಿ ನನ್ನ ಗೆಳತಿಯರೇ ಇದ್ದಾರೆ, ಅವರು ನನಗಿಂತ ಜಾಣೆಯರು.

ಆರನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್, 2 ಕ್ರೆಡಿಟ್. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್ಪಿನ 1 ಕ್ರೆಡಿಟ್ ಅಂದರೆ 30 ಗಂಟೆ ಕೆಲಸ. ಮೈಸೂರಿನಲ್ಲಿ ಆಡಿಟರ್ ಕಚೇರಿಗಳನ್ನು ಕೇಳಿದೆ, ತೆರಿಗೆ ಕಟ್ಟುವ ಕಾಲ, ಹೇಳಿಕೊಡಲು ಪುರುಸೊತ್ತಿಲ್ಲ ಅಂದರು. ದುಡ್ಡು ಕೊಟ್ಟರೆ ಹೋಗದೆಯೇ ಸರ್ಟಿಫಿಕೇಟ್ ಕೊಡುವ ಜಾಗಗಳೂ ಇವೆ, ವಾಟ್ಸಾಪಿನಲ್ಲಿ ಅವರ ದರಪಟ್ಟಿಯೇ ಓಡಾಡುತ್ತಿತ್ತು. ದಯವಿಟ್ಟು ಅತ್ತ ಹೋಗಬೇಡಿ. ವೈವಾದಲ್ಲಿ ಸಿಕ್ಕಿಬೀಳುತ್ತೀರಿ, ಅದಕ್ಕಿಂತ ಹೆಚ್ಚಾಗಿ ಮೂರು ವರ್ಷದಲ್ಲಿ ನಿಜವಾಗಿ ಕೈಗೆ ಹತ್ತುವ ಪಾಠವನ್ನೇ ಕಳೆದುಕೊಳ್ಳುತ್ತೀರಿ.

ನನಗೆ ಜಾಗ ಸಿಕ್ಕಿದ್ದು ಮಂಡ್ಯ ಕಡೆಯ ಒಂದು ರೈತ ಉತ್ಪಾದಕರ ಕಂಪನಿಯಲ್ಲಿ. ಸದಸ್ಯರ ಆಲೆಮನೆಗಳಿಂದ ಬೆಲ್ಲ ಕೊಂಡು, ಪೊಟ್ಟಣ ಕಟ್ಟಿ ಮಾರುತ್ತಾರೆ. ಮೊದಲ ದಿನ ನಿರ್ದೇಶಕರಲ್ಲೊಬ್ಬರಾದ ಹಿರಿಯರು, “ಬಾ ಮಗ, ಲೆಕ್ಕ ಪುಸ್ತಕದಲ್ಲಿ ಇರಾದಲ್ಲ, ಮೊದ್ಲು ಬೆಲ್ಲ ಆಗಾದ್ ನೋಡು” ಎಂದು ಆಲೆಮನೆಗೇ ಕರೆದುಕೊಂಡು ಹೋದರು. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತಿತ್ತು. ಒಣಗಿದ ಸಿಪ್ಪೆಯನ್ನು ಒಲೆಬಾಯಿಗೆ ತಳ್ಳುತ್ತಿದ್ದವರು ಉತ್ತರ ಪ್ರದೇಶದಿಂದ ಬಂದವರು. ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿದ ಕೂಡಲೇ ಕಪ್ಪನೆಯ ನೊರೆ ಮೇಲೆ ಬಂತು, ಜಾಲರಿಯಲ್ಲಿ ಅದನ್ನು ತೆಗೆದು ಬಿಸಾಡಿದರು. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ನೋಡಲು ಒಬ್ಬರು ಒಂದು ಚೂರನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಒತ್ತಿ ನೋಡಿದರು. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ. ಅದಕ್ಕೆ ಕೂಲಿ ಎಷ್ಟು, ಕರೆಂಟು ಎಷ್ಟು, ಸಾಗಣೆ ಎಷ್ಟು ಎಂಬುದೆಲ್ಲ ಗೋಡೆಯ ಕ್ಯಾಲೆಂಡರಿನ ತಾರೀಖುಗಳ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿತ್ತು. ಕಾಸ್ಟಿಂಗ್ ಪತ್ರಿಕೆಯಲ್ಲಿ ನಾನು ಬಾಯಿಪಾಠ ಮಾಡಿದ್ದೆಲ್ಲ ಆ ಕ್ಯಾಲೆಂಡರಿನಲ್ಲಿತ್ತು.

ಆ ಕ್ಯಾಲೆಂಡರನ್ನು ಹಾಳೆಗೆ ಇಳಿಸುವುದೇ ನನ್ನ ಕೆಲಸವಾಯಿತು. ಅದರ ಜೊತೆ ಜಿಎಸ್‌ಟಿ. ಬಿಡಿ ಬೆಲ್ಲಕ್ಕೆ ತೆರಿಗೆ ಇಲ್ಲ. ಹೆಸರುಚೀಟಿ ಅಂಟಿಸಿ ಪೊಟ್ಟಣ ಕಟ್ಟಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ. 5. ಒಂದೇ ಕೊಪ್ಪರಿಗೆಯ ಬೆಲ್ಲ, ಅಚ್ಚಾಗಿ ಮಂಡಿಗೆ ಹೋದರೆ ಒಂದು ಲೆಕ್ಕ, ಒಂದು ಕೆ.ಜಿ. ಪೊಟ್ಟಣವಾದರೆ ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡು ಅವರು ಒದ್ದಾಡುತ್ತಿದ್ದರು. ಎರಡಾಗಿ ಬೇರ್ಪಡಿಸಿ ಕೊಟ್ಟೆ. ಸ್ವಯಂ ಕೋರ್ಸಿನಲ್ಲಿ ಕಲಿತದ್ದೂ ಕೆಲಸಕ್ಕೆ ಬಂತು: ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಿಂದ ಮಂಡ್ಯ ಮಾರುಕಟ್ಟೆಯ ಬೆಲ್ಲದ ದರ, ಆವಕ ತೆಗೆದು ಗ್ರಾಫ್ ಮಾಡಿ ಗೋಡೆಗೆ ಅಂಟಿಸಿದೆ. ಹಿರಿಯರು ಅದರ ಮುಂದೆ ನಿಂತು, ಯಾವ ಏರಿಳಿತ ಯಾವ ಹಬ್ಬದ್ದು, ಯಾವುದು ಮಳೆಯದ್ದು ಎಂದು ಒಂದೊಂದಾಗಿ ಹೇಳಿದರು. ಅದನ್ನೆಲ್ಲ ಬರೆದುಕೊಂಡೆ, ನನ್ನ ವರದಿಯ ಅತಿ ಒಳ್ಳೆಯ ಅಧ್ಯಾಯ ಅದೇ.

ವರದಿಯ ವಿಷಯದಲ್ಲಿ ನಮ್ಮ ಗೈಡ್ ಮೇಡಂ ಮಾಡಿದ ಒಂದು ಬದಲಾವಣೆ ಹೇಳಲೇಬೇಕು. ಚಾಟ್‌ಜಿಪಿಟಿಯಲ್ಲಿ ಬರೆಸಿದ ವರದಿಗಳು ಹಿಂದಿನ ವರ್ಷವೇ ಬಂದಿದ್ದವಂತೆ. ಈ ಸಲ ಅವರು ಅದನ್ನು ಬಳಸಬೇಡಿ ಅನ್ನಲಿಲ್ಲ. ಭಾಷೆ ತಿದ್ದಿಕೊಳ್ಳಿ, ಆದರೆ ದಿನಚರಿಯನ್ನು ಕೈಬರಹದಲ್ಲಿ, ಅಂದಂದೇ ಬರೆಯಬೇಕು, ವಾರಕ್ಕೊಮ್ಮೆ ತೋರಿಸಬೇಕು ಅಂದರು. ಅಂಕದ ದೊಡ್ಡ ಪಾಲನ್ನೂ ವೈವಾಕ್ಕೆ ಇಟ್ಟರು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ವರದಿಯನ್ನು ಮುಚ್ಚಿಟ್ಟು, “ಶೇ. 5 ಎಲ್ಲಿ ಬೀಳುತ್ತೆ, ಎಲ್ಲಿ ಬೀಳಲ್ಲ, ಯಾಕೆ?” ಅಂತ ಕೇಳಿದರು. ಹೇಳಿದೆ. “ಬೆಂಡೆ ಲೋಳೆ ಖರ್ಚು ಯಾವ ಹೆಡ್‌ನಲ್ಲಿ ಹಾಕಿದೆ?” ಅಂದರು. ಅದನ್ನೂ ಹೇಳಿದೆ. ನೋಡಿ ಕಲಿತವಳಿಗೆ ತಡವರಿಸುವ ಕಾರಣವೇ ಇರಲಿಲ್ಲ. ಪುಸ್ತಕದ ವ್ಯಾಖ್ಯೆ ಬರೆಸುವ ಪರೀಕ್ಷೆಗಿಂತ ಇದು ಎಷ್ಟೋ ಮೇಲು. ಎಲ್ಲ ಪತ್ರಿಕೆಗೂ ಹೀಗೇ ಆಗಲಿ ಎಂಬುದು ನನ್ನ ಆಸೆ.

ಇಂಟರ್ನ್‌ಶಿಪ್ಪಿನ ಕಾಗದಗಳು: ಕಾಲೇಜಿನ ಪರಿಚಯ ಪತ್ರ, ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಒಪ್ಪಿಗೆ ಪತ್ರ, ಗಂಟೆಗಳ ಲೆಕ್ಕ ಇರುವ ಹಾಜರಿ ಹಾಳೆ, ಮುಗಿದ ಮೇಲೆ ಸೀಲು ಹಾಕಿದ ಪ್ರಮಾಣಪತ್ರ. ನಮ್ಮ ಕಂಪನಿಗೆ ಲೆಟರ್‌ಹೆಡ್ ಇತ್ತು, ರಬ್ಬರ್ ಸೀಲು ಸವೆದು ಅಕ್ಷರ ಮೂಡುತ್ತಿರಲಿಲ್ಲ. ಅಂಥದ್ದನ್ನು ಕಾಲೇಜಿನಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಮಂಡ್ಯದಲ್ಲಿ ಹೊಸ ಸೀಲು ಮಾಡಿಸಿ ತಂದರು. ನಿಮ್ಮ ಸಂಸ್ಥೆ ಚಿಕ್ಕದಾಗಿದ್ದರೆ ಇದನ್ನು ಮೊದಲ ವಾರವೇ ನೋಡಿಕೊಳ್ಳಿ.

ಒಟ್ಟು ಖರ್ಚಿನಲ್ಲಿ ದೊಡ್ಡದು ಎನ್‌ಪಿಟೆಲ್ ಪರೀಕ್ಷೆಯ ₹1,000. ಅದರ ನಂತರದ್ದು ವರದಿಯ ಪ್ರಿಂಟು, ಬೈಂಡಿಂಗು. ಜೆರಾಕ್ಸಿಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಯಾರಿಗೂ ಲಂಚ ಕೊಡಬೇಕಾಗಲಿಲ್ಲ, ಇದನ್ನೂ ಹೇಳಬೇಕು.

ಈಗ ಓದುತ್ತಿರುವ ತಂಗಿ ತಮ್ಮಂದಿರಿಗೆ: ನಿಮ್ಮ ಪಠ್ಯ ನಮ್ಮದಲ್ಲ, ಆದರೆ ಸ್ವಯಂ, ಎಬಿಸಿ ಎರಡೂ ದೇಶಕ್ಕೆಲ್ಲ ಒಂದೇ, ಅವು ಎಲ್ಲೂ ಹೋಗಿಲ್ಲ. ಯಾವ ಪತ್ರಿಕೆಯ ಬದಲು ಮಾಡಬಹುದು ಎಂಬುದನ್ನಷ್ಟೇ ನಿಮ್ಮ ಪಠ್ಯಕ್ಕೆ ತಕ್ಕಂತೆ ಬರಹದಲ್ಲಿ ಕೇಳಿ ಪಡೆಯಿರಿ. ಜುಲೈ ಸೆಮಿಸ್ಟರಿಗೆ ಸೇರುವುದಾದರೆ ಆಧಾರ್ ಹೆಸರಿನ ಕೆಲಸವನ್ನು ಬೇಸಿಗೆ ರಜೆಯಲ್ಲೇ ಮುಗಿಸಿಕೊಳ್ಳಿ. ನಮ್ಮ ಬ್ಯಾಚಿನವರೇ ಆಗಿ ಯಾವುದಾದರೂ ಪತ್ರಿಕೆ ಬಾಕಿ ಉಳಿಸಿಕೊಂಡಿದ್ದರೆ, ನಮ್ಮ ಹಿಂದೆ ಆ ಪಠ್ಯದವರು ಯಾರೂ ಇಲ್ಲ ಎಂಬುದನ್ನು ಮರೆಯಬೇಡಿ. ಪರೀಕ್ಷಾ ಅಧಿಸೂಚನೆಯನ್ನು ಯುಯುಸಿಎಂಎಸ್‌ನಲ್ಲಿ ನೀವೇ ಹೋಗಿ ನೋಡುತ್ತಿರಿ. ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು ಜೂನಿಯರ್‌ಗಳ ಗುಂಪಿನಲ್ಲಿ ಯಾರೂ ಹಾಕುವುದಿಲ್ಲ.